ಬ್ಯಾಸಗಿ ನೀರಿನ ಲೆಕ್ಕ ದೀಪಾವಳಿಗೇ ಹಾಕೂಣು

ಏಪ್ರಿಲ್ ಅರ್ಧ ಮುಗೀತಂದ್ರ ಒಂದು ಸುದ್ದಿ ಬರತೈತಿ ನೋಡ್ರಿ. ಟೀವಿಯೊಳಗ, ಪೇಪರಿನ್ಯಾಗ, ಆಮ್ಯಾಲ ಎಲ್ಲಾರ ಮೊಬೈಲಿನ್ಯಾಗ. ಈ ವರ್ಷ ದೇಶದಾಗ ಮಳಿ ವಾಡಿಕೆಯ ಇಷ್ಟು ಪರ್ಸೆಂಟ್ ಆಗತೈತಿ ಅಂತ. ನೂರರ ಮ್ಯಾಲ ಇದ್ರ ಮನಿ ಮಂದಿಗೆಲ್ಲಾ ಹುರುಪು. ಹೊಸಾ ಬೋರ್ ಹಾಕ್ಸೂಣೇನು, ಇನ್ನೊಂದು ಎಕರೆ ಕಬ್ಬು ಹಚ್ಚೂಣೇನು ಅಂತ ಮಾತು ಸುರು ಆಗತಾವ. ಅದರ ಬೆನ್ನಿಗೇ ಸಾಲದ ಮಾತು. ಸಾಲ ಅಂದಕೂಡ್ಲೇ ಬ್ಯಾಂಕಿಗೆ ಹೋಗೂದು ಏನು? ನಮ್ಮ ಪಾಟ್ಲಿ, ಬಿಲ್ವಾರ.

ಅದಕ್ಕ ಅಕ್ಕಾರ, ವೈನಿಯಾರ, ಈ ಮಳಿ ಸುದ್ದಿ ಏನು ಹೇಳತೈತಿ, ಏನು ಹೇಳಂಗಿಲ್ಲ ಅನ್ನೂದು ನಮಗೂ ಗೊತ್ತಿರಬೇಕು. ನನ್ನ ಮಾತು ಮೊದಲ ಹೇಳಿಬಿಡತೇನಿ. ಏಪ್ರಿಲ್ ತಿಂಗಳ ಆ ನಂಬರು ಸುಳ್ಳಲ್ಲ. ಆದ್ರ ನಮ್ಮ ಮನಿ ನೀರಿನ ಪ್ರಶ್ನೆಗೆ ಅದು ಉತ್ತರ ಅಲ್ಲ. ನಮ್ಮ ಬ್ಯಾಸಗಿ ಹೆಂಗ ಹೋಗತೈತಿ ಅನ್ನೂದು ಅದಕ್ಕಿಂತ ಐದಾರು ತಿಂಗಳ ಮೊದಲ, ದೀಪಾವಳಿ ಹೊತ್ತಿಗೇ ಮುಕ್ಕಾಲು ಪಾಲು ತೀರ್ಮಾನ ಆಗಿರತೈತಿ. ಆವತ್ತು ಬಾವ್ಯಾಗ, ಬೋರಿನ್ಯಾಗ, ಡ್ಯಾಮಿನ್ಯಾಗ ಎಷ್ಟು ನೀರು ಐತೋ ಅಷ್ಟ ನಮ್ಮ ಗಂಟು. ಆ ಗಂಟಿನ ಲೆಕ್ಕ ಮನ್ಯಾಗ ನೀರು ತುಂಬೂ ಕೈಯಾಗ ಇರಬೇಕು.

ಮೊದಲ ಆ ಪರ್ಸೆಂಟಿನ ಕಥಿ ತಿಳಕೊಳ್ಳೂಣು. ನಮ್ಮ ದೇಶದ ಹವಾಮಾನ ಇಲಾಖೆ ಸುರು ಆದದ್ದು 1875ರಾಗ. 1886ರಾಗ ಹೆನ್ರಿ ಬ್ಲಾನ್‌ಫೋರ್ಡ್ ಅನ್ನೂ ಸಾಹೇಬ ಹಿಮಾಲಯದಾಗ ಎಷ್ಟು ಹಿಮ ಬಿದ್ದೈತಿ ಅಂತ ನೋಡಿ, ಮುಂಗಾರಿ ಹೆಂಗ ಆಗಬಹುದು ಅಂತ ಮೊದಲನೇ ಸಲ ಹೇಳಿದಾ. ಈಗ ಸಮುದ್ರದ ನೀರು ಎಲ್ಲೆಲ್ಲಿ ಎಷ್ಟು ಕಾದೈತಿ ಅನ್ನೂದನ್ನೆಲ್ಲಾ ಕಂಪ್ಯೂಟರಿಗೆ ಹಾಕಿ ಲೆಕ್ಕ ಮಾಡತಾರ. ಏಪ್ರಿಲ್ ನಡುವ ಒಮ್ಮೆ ಹೇಳತಾರ, ಮೇ ಕಡೀಕ ಅದನ್ನ ತಿದ್ದಿ ಮತ್ತೊಮ್ಮೆ ಹೇಳತಾರ. ಜೂನದಿಂದ ಸಪ್ಟೆಂಬರ್ ತನಕ ನಾಕು ತಿಂಗಳಿನ್ಯಾಗ ಇಡೀ ದೇಶದ ಸರಾಸರಿ ಮಳಿ 87 ಸೆಂಟಿಮೀಟರ್. 1971ರಿಂದ 2020ರ ತನಕ ಐವತ್ತು ವರ್ಷದ ಸರಾಸರಿ ಅದು. ಅದನ್ನ ನೂರು ಅಂತ ಹಿಡೀತಾರ. 96ರಿಂದ 104ರೊಳಗ ಇದ್ರ ವಾಡಿಕೆ ಮಳಿ, 90ಕ್ಕಿಂತ ಕಡಿಮಿ ಆದ್ರ ಕೊರತಿ, 110 ದಾಟಿದ್ರ ಅತಿ ಮಳಿ. ಏಪ್ರಿಲ್ ಲೆಕ್ಕದಾಗ ಐದು ಪರ್ಸೆಂಟ್ ಹೆಚ್ಚು ಕಡಿಮಿ ಆಗಬಹುದು ಅಂತ ಅವರ ಮೊದಲ ಹೇಳಿರತಾರ. ಅದನ್ನ ಓದೋರು ಕಡಿಮಿ.

ಈಗ ನೀವ ಹೇಳ್ರಿ. ನಮ್ಮ ಬಳಗದ ಹತ್ತು ಹುಡುಗರ ಮಾರ್ಕ್ಸ್ ಕೂಡಿಸಿ ಸರಾಸರಿ ಅರವತ್ತು ಬಂತು ಅಂದ್ರ, ನಿಮ್ಮ ಮಗ ಪಾಸಾದನೋ ಇಲ್ಲೋ ಅಂತ ಗೊತ್ತಾಗತೈತೇನು? ಆಗಂಗಿಲ್ಲ. ಇದೂ ಹಂಗ. ಚಿರಾಪುಂಜಿ ಮಳಿ, ರಾಜಸ್ಥಾನದ ಮಳಿ, ಆಗುಂಬೆ ಮಳಿ, ನಮ್ಮ ನವಲಗುಂದದ ಮಳಿ ಎಲ್ಲಾ ಕೂಡಿಸಿ ತಗದ ಸರಾಸರಿ.

2023 ನೆನಪ ಮಾಡ್ಕೋರಿ. ಆ ವರ್ಷ ಏಪ್ರಿಲ್‌ನ್ಯಾಗ ಇಲಾಖೆ ಹೇಳಿದ್ದು 96 ಪರ್ಸೆಂಟ್. ಕಡೀಕ ಆದದ್ದು 94. ದೇಶದ ಲೆಕ್ಕದಾಗ ನೋಡಿದ್ರ ಅವರು ಹೇಳಿದ್ದು ಹೆಚ್ಚು ಕಡಿಮಿ ಖರೇನ ಆತು. ಆದ್ರ ಆ ವರ್ಷದ ಆಗಸ್ಟ್ ತಿಂಗಳು 1901ರಿಂದ ಇಲ್ಲೀತನಕ ದೇಶ ಕಂಡ ಆಗಸ್ಟ್‌ಗಳೊಳಗ ಅತಿ ಒಣಾ ಆಗಸ್ಟ್. ನಮ್ಮ ರಾಜ್ಯದಾಗ 236 ತಾಲೂಕಿನ್ಯಾಗ 223 ತಾಲೂಕನ್ನ ಬರಗಾಲ ಅಂತ ಸರ್ಕಾರ ಸಾರಬೇಕಾತು. ದಿಲ್ಲಿ ಲೆಕ್ಕ ಪಾಸು, ನಮ್ಮ ಹೊಲ ನಪಾಸು. ಯಾರೂ ಸುಳ್ಳು ಹೇಳಿದ್ದಿಲ್ಲ. ನಾವು ಕೇಳಿದ ಪ್ರಶ್ನೆ ಬ್ಯಾರೆ, ಅವರು ಕೊಟ್ಟ ಉತ್ತರ ಬ್ಯಾರೆ.

‘ಎಲ್ ನಿನೊ’ ಅಂತ ಒಂದು ಶಬ್ದ ಈಗ ಎಲ್ಲಾರ ಬಾಯಾಗೂ ಬರತೈತಿ. ಅಲ್ಲೆಲ್ಲೋ ಪೆಸಿಫಿಕ್ ಮಹಾಸಾಗರದ ನಡುವಿನ ನೀರು ವಾಡಿಕೆಗಿಂತ ಹೆಚ್ಚು ಕಾಯತೈತಿ. ಅದರಿಂದ ಗಾಳಿ ಬೀಸೂ ರೀತಿ ಬದಲಾಗಿ ನಮ್ಮ ಮುಂಗಾರಿ ಸೊರಗತೈತಿ. 2023ರಾಗ ಹಂಗ ಆತು. ಆದ್ರ 1997ರಾಗ ಭಾಳ ಜೋರು ಎಲ್ ನಿನೊ ಇದ್ದಾಗೂ ದೇಶದ ಮಳಿ ವಾಡಿಕಿಗೆ ಕಡಿಮಿ ಆಗಲಿಲ್ಲ. ಅದಕ್ಕ ಆ ಶಬ್ದ ಕೇಳಿ ಎದಿ ಒಡಕೊಳ್ಳೂದೂ ಬ್ಯಾಡ, ಅದು ಇಲ್ಲಂತ ಕುಣಿಯೂದೂ ಬ್ಯಾಡ.

ನಮ್ಮ ಹಿರ್‍ಯಾರು ಪಂಚಾಂಗ ನೋಡತಿದ್ರು, ಈಗೂ ನೋಡತೇವಿ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಿ, ಉತ್ತರಿ, ಹಸ್ತಾ, ಚಿತ್ತಿ, ಸ್ವಾತಿ. ಒಂದೊಂದು ಮಳಿ ಹದಿಮೂರು ಹದಿನಾಕು ದಿನ. ಇದರಾಗ ಒಂದು ಶಾಣ್ಯಾತನ ಐತಿ ನೋಡ್ರಿ. ನಾಕು ತಿಂಗಳ ಮಳೀನ ಒಂದ ನಂಬರಿನ್ಯಾಗ ಹೇಳದನ, ಯಾವ ಹದಿನೈದು ದಿನದ ಮಳಿ ಯಾವ ಕೆಲಸಕ್ಕ ಅಂತ ಬಿಡಿಸಿ ಇಟ್ಟಾರ. ಮಿರಗ ಬಿತ್ತಲಿಕ್ಕೆ, ಮಘಾ ಕಾಳು ಹಿಡೀಲಿಕ್ಕೆ, ಹಸ್ತಾ ಹಿಂಗಾರಿ ಜ್ವಾಳಕ್ಕ. ಮಘಾ ಮಳಿ ಬಂದಷ್ಟು ಛಲೋ, ಮನಿ ಮಗ ಉಂಡಷ್ಟು ಛಲೋ ಅಂತ ಗಾದಿ ಮಾತೂ ಐತಿ. ಮಗ ಉಂಡದ್ದಕ್ಕ ಗಾದಿ ಹುಟ್ಟಿತು, ಮಳಿ ಬರದಿದ್ದಾಗ ಮಗಳು ಕೊಡ ಹೊತ್ತದ್ದಕ್ಕ ಯಾರೂ ಗಾದಿ ಕಟ್ಟಲಿಲ್ಲ. ಇರಲಿ. ಪಂಚಾಂಗ ಮಳಿ ಹೊತ್ತು ಹೇಳತೈತಿ, ಬಾವ್ಯಾಗ ಎಷ್ಟು ಮಾರು ನೀರು ಐತಿ ಅಂತ ಅದೂ ಹೇಳಂಗಿಲ್ಲ.

ಮುಖ್ಯ ಮಾತು ಇಲ್ಲಿ ಐತಿ. ನಾವು ನೀರು ಅಂತ ಒಂದ ಶಬ್ದದಾಗ ಕರೀತೇವಿ, ಆದ್ರ ಮನಿಗೆ ಬರೂ ನೀರು ಮೂರು ದಾರಿಯಿಂದ ಬರತೈತಿ: ಮುಗಿಲಿಂದ, ಹೊಳಿಯಿಂದ, ನೆಲದಿಂದ. ಮೂರಕ್ಕೂ ಬ್ಯಾರೆ ಬ್ಯಾರೆ ಲೆಕ್ಕ. ಒಂದು ತುಂಬಿದ್ರ ಇನ್ನೊಂದು ತುಂಬತೈತಿ ಅಂತ ಇಲ್ಲ.

ಹೊಳಿ ಮಾತು ನೋಡ್ರಿ. ಹುಬ್ಬಳ್ಳಿ-ಧಾರವಾಡದ ನಳದಾಗ ಬರೂದು ಬಹುಪಾಲು ಮಲಪ್ರಭಾ ನೀರು. ಆಕಿ ಹುಟ್ಟೂದು ಖಾನಾಪುರ ತಾಲೂಕಿನ ಕಣಕುಂಬಿಯೊಳಗ, ಘಟ್ಟದ ಮ್ಯಾಲ. ಸವದತ್ತಿ ಹತ್ತಿರ ನವಿಲುತೀರ್ಥದಾಗ ಡ್ಯಾಮ್ ಕಟ್ಯಾರ, ರೇಣುಕಾಸಾಗರ. ಅದರಾಗ ಹಿಡಿಯೂದು 37.73 ಟಿಎಂಸಿ ನೀರು. ಒಂದು ಟಿಎಂಸಿ ಅಂದ್ರ ಸುಮಾರು 2,830 ಕೋಟಿ ಲೀಟರ್. ಮುಂದ ಕೂಡಲಸಂಗಮದಾಗ ಕೃಷ್ಣಾ ಹೊಳಿಗೆ ಕೂಡತಾಳ.

ಆ ಡ್ಯಾಮ್ ತುಂಬೂದು ನಮ್ಮ ಅಂಗಳದ ಮಳಿಯಿಂದ ಅಲ್ಲ. ಜುಲೈ, ಆಗಸ್ಟಿನ್ಯಾಗ ಕಣಕುಂಬಿ, ಖಾನಾಪುರದ ಕಾಡಿನ್ಯಾಗ ಎಷ್ಟು ಸುರೀತು ಅನ್ನೂದರ ಮ್ಯಾಲ. ಧಾರವಾಡದಾಗ ಹಂಚು ತೊಯ್ಯೂವಷ್ಟ ಜಿಟಿಜಿಟಿ ಇದ್ದಾಗೂ ಡ್ಯಾಮ್ ತುಂಬಿ ಹರೀಬಹುದು. ನಮ್ಮಲ್ಲಿ ಹಸ್ತಾ ಮಳಿ ಜಡದು ಹೊಡದು ಜ್ವಾಳ ಎದ್ದು ನಿಂತ್ರೂ ಡ್ಯಾಮ್ ಅರ್ಧಕ್ಕ ಉಳೀಬಹುದು. 2019ರ ಆಗಸ್ಟಿನ್ಯಾಗ ಇದೇ ಮಲಪ್ರಭಾ ರಾಮದುರ್ಗ, ನರಗುಂದ, ಬದಾಮಿ ತಾಲೂಕಿನ ಹಳ್ಳಿಗಳೊಳಗ ನುಗ್ಗಿದ್ಲು, ಪಟ್ಟದಕಲ್ಲ ಗುಡಿಗಳೊಳಗೂ ನೀರು ಹೊಕ್ಕಿತು. ಘಟ್ಟದಾಗ ಒಮ್ಮೆಗೇ ಬಿದ್ದ ಮಳಿ ಡ್ಯಾಮ್ ದಾಟಿ ಬಂತು. ಹೊಳಿ ದಂಡಿ ಮ್ಯಾಲಿನ ಹೆಣ್ಮಕ್ಕಳು ಗಂಜಿ ಕೇಂದ್ರದಾಗ ಕೂಸು ಕಟಗೊಂಡು ಕೂತ್ರು. ಹಂಗಂತ ಆ ನೀರು ಮುಂದಿನ ವರ್ಷಕ್ಕ ಉಳೀತೇನು? ಹಿಡಿಯೂ ಡ್ಯಾಮಿಗೆ ಒಂದು ಅಳತಿ ಐತಿ, ಅದು ತುಂಬಿದ ಮ್ಯಾಲ ಬಂದದ್ದೆಲ್ಲಾ ಮುಂದ ಹೋತು. ‘ಹೆಚ್ಚು ಮಳಿ’ ಅಂತ ಹೇಳಿದ್ರ ‘ಹೆಚ್ಚು ನೀರು’ ಅಂತ ಅರ್ಥ ಅಲ್ಲ. ಎಷ್ಟು ದಿನದಾಗ ಹಂಚಿ ಬಿತ್ತು, ಎಲ್ಲಿ ಬಿತ್ತು, ಹಿಡಿಯೂ ಪಾತ್ರಿ ಎಷ್ಟು ದೊಡ್ಡದು, ಇದು ಮುಖ್ಯ.

ಇನ್ನ ನೆಲದ ನೀರು. ಇದು ಎಲ್ಲಾಕ್ಕಿಂತ ಹಟಮಾರಿ. ನಮ್ಮ ರಾಜ್ಯದ ಬಹುಪಾಲು ನೆಲದ ಕೆಳಗ ಇರೂದು ಗಟ್ಟಿ ಕಲ್ಲು. ಅದರಾಗ ಮರಳಿನಂಗ ನೀರು ಹಿಡಿಯೂ ಜಾಗ ಇಲ್ಲ. ಮ್ಯಾಲಿನ ಶಿಥಿಲ ಆದ ಪದರು, ಕಲ್ಲಿನ ಬಿರುಕು, ಅಷ್ಟ ಜಾಗ. ನೂರು ಕೊಡ ಮಳಿ ಸುರದ್ರ ಹತ್ತು ಕೊಡದ ಆಸುಪಾಸು ಕೆಳಗ ಇಳೀತೈತಿ, ಅಷ್ಟ. ಉಳದದ್ದು ಹಳ್ಳ ಹಿಡದು ಹೋಗತೈತಿ, ಇಲ್ಲಾ ಬಿಸಲಿಗೆ ಆರತೈತಿ, ಗಿಡಾ ಕುಡೀತಾವ. ನಮ್ಮ ಎರಿ ಮಣ್ಣಿನ ಗುಣ ನಿಮಗ ಗೊತ್ತ ಐತಿ. ಬ್ಯಾಸಗ್ಯಾಗ ಕಾಲು ಹೋಗೂವಷ್ಟು ಬಿರಕು, ಒಂದೆರಡು ಮಳಿ ಆದಮ್ಯಾಲ ಉಬ್ಬಿ ಬಾಯಿ ಮುಚ್ಚಿಕೊಂಡು ಬಿಡತೈತಿ. ಜ್ವಾಳಕ್ಕ, ಕಡ್ಲಿಗೆ ತನ್ನೊಳಗ ಹಸಿ ಹಿಡಕೋತೈತಿ, ಆದ್ರ ಕೆಳಗ ಬಾವಿಗೆ ಬಿಡೂದು ಕಡಿಮಿ. ನವಲಗುಂದ, ಅಣ್ಣಿಗೇರಿ ಕಡೆ ಬಾವಿ ನೀರು ಸವಳು ಅಂತ ಕೆರಿ ನೀರು ಕುಡಿಯೂ ರೂಢಿ ಬಂದದ್ದೂ ಸುಮ್ಮನ ಅಲ್ಲ.

ಮಳಿಗೂ ನೆಲದ ನೀರಿಗೂ ಲೆಕ್ಕ ಬ್ಯಾರೆ ಅನ್ನಲಿಕ್ಕೆ ಬೆಂಗಳೂರು ಸಾಕ್ಷಿ. ಅಲ್ಲಿ ನಮ್ಮ ಹೆಣ್ಮಕ್ಕಳು, ಸೊಸ್ತೇರು ಭಾಳ ಮಂದಿ ಅದಾರಲ್ಲ, ಅವರನ್ನ ಕೇಳ್ರಿ. 2022ರಾಗ ಬೆಂಗಳೂರಿಗೆ ದಾಖಲೆ ಮಳಿ. ಸಪ್ಟೆಂಬರಿನ್ಯಾಗ ದೊಡ್ಡ ದೊಡ್ಡ ಬಂಗಲಿ ಮುಂದ ಬೋಟ್, ಟ್ರ್ಯಾಕ್ಟರ್ ಓಡ್ಯಾಡಿದ್ವು. ಒಂದೂವರಿ ವರ್ಷಕ್ಕ, 2024ರ ಮಾರ್ಚಿನ್ಯಾಗ, ಅದೇ ಊರಾಗ ಸಾವಿರಾರು ಬೋರ್ ಬತ್ತಿದ್ವು. ಕುಡಿಯೂ ನೀರಿನ್ಯಾಗ ಕಾರ್ ತೊಳದ್ರ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಬೇಕಾತು. ನಡುವ ಬಂದದ್ದು ಒಂದ ಕೆಟ್ಟ ಮುಂಗಾರಿ. ಅಷ್ಟೊಂದು ಮಳಿ ಎಲ್ಲಿ ಹೋತು? ನೆಲಕ್ಕೆಲ್ಲಾ ಸಿಮೆಂಟ್, ಇಳೀಲಿಕ್ಕೆ ದಾರಿ ಇಲ್ಲ. ಇಳದಷ್ಟನ್ನ ವರ್ಷಪೂರ್ತಿ ಬೋರಿನಿಂದ ಎಳದು ಮುಗಸಿದ್ರು.

ನಮ್ಮ ಹಳ್ಳಿಗಳೊಳಗೂ ಇದೇ ಕಥಿ, ಸಿಮೆಂಟ್ ಬದ್ಲಿ ಕಬ್ಬು. ನಮ್ಮ ಬಳಗದಾಗ ಒಬ್ಬಾಕಿ ಅದಾಳ, ಹೆಸರು ಬ್ಯಾಡ. ಛಲೋ ಮಳಿ ಅಂತ ಸುದ್ದಿ ಬಂದ ವರ್ಷ ಮನ್ಯಾಗ ಬೋರ್ ಹಾಕ್ಸಿದ್ರು. ತೆಂಗಿನಕಾಯಿ ಅಂಗೈಯಾಗ ಹಿಡದು ನೀರ ನೋಡೂ ಮನಷ್ಯಾ ಬಂದಾ, ಕಾಯಿ ಎದ್ದು ನಿಂತ ಜಾಗಕ್ಕ ಹೊಡಸಿದ್ರು. ಆಕಿ ನಾಕು ತೊಲಿ ಬಿಲ್ವಾರ ಬ್ಯಾಂಕಿನ್ಯಾಗ. ನೀರು ಬಿತ್ತು, ಊರಿಗೆಲ್ಲಾ ಪೇಢೆ ಹಂಚಿದ್ರು. ಎರಡನೇ ಬ್ಯಾಸಗಿಗೆ ಮೋಟಾರ್ ಗಾಳಿ ಉಗಳಲಿಕ್ಕೆ ಹತ್ತಿತು. ಯಾಕಂದ್ರ ಆ ನೀರು ಆ ವರ್ಷದ ಮಳಿದಲ್ಲ, ಹಳೇ ಬಿರುಕಿನ್ಯಾಗ ಎಷ್ಟೋ ವರ್ಷದಿಂದ ಕೂತ ಇಡಗಂಟು. ಅದನ್ನ ಪಗಾರ ಅಂತ ತಿಳಕೊಂಡು ಖರ್ಚು ಮಾಡಿದ್ರು. ಬಿಲ್ವಾರ ಇನ್ನೂ ಬಿಡಿಸಿಲ್ಲ. ಆಕಿನ ನೀರು ಹೊರತಾಳ, ಆಕಿನ ಬಡ್ಡಿ ಲೆಕ್ಕಾನೂ ಇಡತಾಳ. ಬೋರ್ ಎಲ್ಲಿ ಹಾಕಬೇಕು, ಹಾಕಬೇಕೋ ಬ್ಯಾಡೋ ಅಂತ ಆಕೀನ ಮಾತ್ರ ಯಾರೂ ಕೇಳಿದ್ದಿಲ್ಲ.

ಆಳಕ್ಕ ಹೋದಂಗ ಇನ್ನೊಂದು ಕಾಟ ಐತಿ. ಗದಗ ಜಿಲ್ಲಾದ ಮುಂಡರಗಿ, ರೋಣ, ಆಕಡೆ ಕೊಪ್ಪಳ, ಇಲ್ಲೆಲ್ಲಾ ಎಷ್ಟೋ ಬೋರಿನ ನೀರಿನ್ಯಾಗ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ದಾಟಿದ ನೀರು ವರ್ಷಗಟ್ಟಲೆ ಕುಡದ್ರ ಮಕ್ಕಳ ಹಲ್ಲಿನ ಮ್ಯಾಲ ಹಳದಿ, ಕಂದು ಕಲೆ ಬೀಳತಾವ, ಮುಂದ ಮಣಕಾಲು, ನಡಾ ಬಿಗೀತಾವ. ಕಾಸಿದ್ರ ಇದು ಹೋಗಂಗಿಲ್ಲ, ನೀರು ಆವಿ ಆದಷ್ಟು ಉಳದದ್ದರಾಗ ಇನ್ನೂ ಹೆಚ್ಚಾಗತೈತಿ. ಅದಕ್ಕ ಬೋರ್ ನೀರು ಕುಡಿಯೋರು ಒಮ್ಮೆ ನೀರು ಪರೀಕ್ಷಾ ಮಾಡ್ಸ್ರಿ.

‘ಹಂಗಾದ್ರ ಹವಾಮಾನ ಇಲಾಖೆಯವರು ಹೇಳೂದೆಲ್ಲಾ ವ್ಯರ್ಥ ಏನು’ ಅಂತ ಕೇಳಬ್ಯಾಡ್ರಿ. ವ್ಯರ್ಥ ಅಲ್ಲ. ಡ್ಯಾಮಿನ ಗೇಟು ಕಾಯೋರಿಗೆ, ಬೀಜ ಗೊಬ್ಬರ ತರಿಸಿಡೋರಿಗೆ, ಅಕ್ಕಿ ಗೋದಿ ದಾಸ್ತಾನು ಮಾಡೋರಿಗೆ ಆ ದೊಡ್ಡ ನಂಬರು ಬೇಕ ಬೇಕು. ನಮಗೂ ದಿನದ್ದು, ವಾರದ್ದು ಹೇಳತಾರಲ್ಲ, ಅದು ಭಾಳ ಉಪಯೋಗ. ಬ್ಯಾಡಗಿ ಮೆಣಸಿನಕಾಯಿ ಒಣಾ ಹಾಕಬೇಕೋ ಬ್ಯಾಡೋ, ಸಂಡಿಗಿ ಇಡಬೇಕೋ, ಬಿತ್ತಿಗಿ ಎರಡು ದಿನ ತಡೀಬೇಕೋ ಅನ್ನಲಿಕ್ಕೆ ಅದು ಸಾಕು. ನಮ್ಮ ರಾಜ್ಯದಾಗ ಗ್ರಾಮ ಪಂಚಾಯ್ತಿ ಮಟ್ಟದಾಗ ಮಳಿ ಅಳಿಯೂ ಯಂತ್ರ ಕೂಡಿಸ್ಯಾರ. ರೈತರು ಫೋನ್ ಹಚ್ಚಿ ಕೇಳಲಿಕ್ಕೆ ‘ವರುಣಮಿತ್ರ’ ಅಂತನೂ ಐತಿ. ಹೆಣ್ಮಕ್ಕಳು ಹಚ್ಚಬಾರದು ಅಂತ ಎಲ್ಲೂ ಬರದಿಲ್ಲ. ನಾನು ಬ್ಯಾಡ ಅನ್ನೂದು ಒಂದಕ್ಕ: ಏಪ್ರಿಲ್ ನಂಬರು ನೋಡಿ ಬೋರಿಗೆ, ಕಬ್ಬಿಗೆ ಸಾಲ ಮಾಡೂದು.

ಮತ್ತ ದೀಪಾವಳೀನ ಯಾಕ ಅಂತೀರಿ? ಲೆಕ್ಕ ಸರಳ ಐತಿ. ನಮ್ಮ ಭಾಗದಾಗ ಸ್ವಾತಿ ಮಳಿ ಮುಗೀತಂದ್ರ ದೊಡ್ಡ ಮಳಿ ಮುಗೀತು. ದೀಪಾವಳಿಯಿಂದ ಮಿರಗದ ತನಕ ಸುಮಾರು 220 ದಿನ. ನಡುವ ಒಂದೆರಡು ಅಡ್ಡಮಳಿ ಬರಬಹುದು, ಧೂಳು ಆರಸತೈತಿ, ಮಾವಿನಕಾಯಿ ಉದರಸತೈತಿ, ಬಾವಿ ತುಂಬಂಗಿಲ್ಲ. ಅಂದ್ರ ದೀಪಾವಳಿ ದಿವಸ ಎಷ್ಟು ನೀರು ಐತೋ ಅದು 220 ದಿನಕ್ಕ ಬರಬೇಕು. ಕೇಂದ್ರ ಸರ್ಕಾರದ ಅಂತರ್ಜಲ ಮಂಡಳಿಯವರು ವರ್ಷಕ್ಕ ನಾಕು ಸಲ ಬಾವಿ ಮಟ್ಟ ಅಳೀತಾರ. ಅದರಾಗ ನವೆಂಬರದ್ದೂ ಒಂದು. ಮಳಿಗಾಲ ಮುಗದ ಮ್ಯಾಲ ಗಂಟು ಎಷ್ಟು ಕೂಡೈತಿ ಅಂತ ನೋಡೂದ ಅದರ ಉದ್ದೇಶ.

ನಮ್ಮ ಹಬ್ಬಕ್ಕೂ ಇದು ಹೊಂದತೈತಿ. ನರಕ ಚತುರ್ದಶಿ ಹಿಂದಿನ ದಿವಸ ನಾವು ಏನು ಮಾಡತೇವಿ? ನೀರು ತುಂಬೂ ಹಬ್ಬ. ಬಚ್ಚಲಾ ತಿಕ್ಕಿ, ಹಂಡೇಕ ಹುಣಸಿಹಣ್ಣು ಹಚ್ಚಿ ಬೆಳಗಿ, ಸುಣ್ಣಾ ಕೆಮ್ಮಣ್ಣು ಬರದು, ಹೊಸಾ ನೀರು ತುಂಬಿ ಪೂಜಾ ಮಾಡತೇವಿ. ಗಂಗವ್ವನ ಪೂಜಾ ಮಾಡೂ ಆ ದಿವಸನ ಆಕಿ ಎಷ್ಟು ಅದಾಳ ಅಂತ ಒಂದು ಸಲ ಅಳದು ಬರದಿಟ್ರ ತಪ್ಪೇನೈತಿ? ನೀರು ತುಂಬೋರು ನಾವ, ಅಳಿಯೋರೂ ನಾವ ಆಗೂಣು.

ಬಾವಿ ಇದ್ದವರು ಒಂದು ಹಗ್ಗ ತಗೋರಿ. ಫೂಟಿಗೊಂದು ಗಂಟು ಹಾಕ್ರಿ, ತುದಿಗೆ ಕಲ್ಲು ಕಟ್ರಿ. ತಳಾ ಮುಟ್ಟೂ ತನಕ ಇಳಬಿಟ್ಟು ಮ್ಯಾಲ ತಗದ್ರ, ಎಷ್ಟು ಗಂಟು ತೊಯ್ದಾವೋ ಅಷ್ಟು ಫೂಟು ನೀರು. ಹಾಲಿನ ಲೆಕ್ಕ ಬರಿಯೂ ಕ್ಯಾಲೆಂಡರಿನ್ಯಾಗ ಅದನ್ನೂ ಬರೀರಿ. ಮತ್ತ ಮಿರಗ ಹುಟ್ಟೂ ದಿವಸ ಅಳೀರಿ. ಒಂದು ವರ್ಷ ಹಿಂಗ ಮಾಡಿದ್ರ ನಿಮ್ಮ ಬಾವಿ ಒಂದು ಬ್ಯಾಸಗಿಗೆ ಎಷ್ಟು ಇಳೀತೈತಿ ಅಂತ ಗೊತ್ತಾಗತೈತಿ. 16 ಫೂಟು ಇಳೀತು ಅಂತ ಹಿಡೀರಿ. ಮುಂದಿನ ದೀಪಾವಳಿಗೆ ಬಾವ್ಯಾಗ 12 ಫೂಟ ಇತ್ತಂದ್ರ, ಅದೇ ಖರ್ಚು ನಡಸಿದ್ರ 220 ದಿನದ ಮುಕ್ಕಾಲು ಪಾಲು, 165 ದಿನ ಅಷ್ಟ ಬರತೈತಿ. ಏಪ್ರಿಲ್ ನಡುವಿಗೆ ಬಾವಿ ತಳಾ ಕಾಣತೈತಿ. ಅಂದ್ರ ದಿಲ್ಲಿಯೊಳಗ ಮುಂದಿನ ಮಳಿಗಾಲದ ಸುದ್ದಿ ಹೇಳೂ ದಿವಸ, ನಮ್ಮ ಬಾವಿ ಮುಗದಿರತೈತಿ. ಇದು ಅಂದಾಜು ಲೆಕ್ಕ, ಬಾವಿ ಎಲ್ಲಾ ದಿನ ಒಂದ ಸವನ ಇಳಿಯಂಗಿಲ್ಲ. ಆದ್ರೂ ನವೆಂಬರಿನ್ಯಾಗ ಗೊತ್ತಾದ್ರ ಏನಾರ ಮಾಡಬಹುದು, ಏಪ್ರಿಲ್‌ನ್ಯಾಗ ಗೊತ್ತಾದ್ರ ಟ್ಯಾಂಕರ್ ಕರಿಯೂದ ಉಳೀತೈತಿ.

ಬೋರ್ ಇದ್ದವರಿಗೆ ಹಗ್ಗ ನಡಿಯಂಗಿಲ್ಲ. ಅವರು ಗಡಿಯಾರ ನೋಡ್ರಿ. ಖಾಲಿ ಟಾಕಿ ತುಂಬಲಿಕ್ಕೆ ಎಷ್ಟು ನಿಮಿಷ ಹಿಡೀತು ಅಂತ ತಿಂಗಳಿಗೊಮ್ಮೆ ಬರೀರಿ. ಅದೇ ಮೋಟಾರ್, ಅದೇ ಟಾಕಿ, ಕರೆಂಟೂ ಛಲೋ ಐತಿ, ಆದ್ರ ಅರ್ಧ ತಾಸಿನ್ಯಾಗ ತುಂಬೂದು ಮುಕ್ಕಾಲು ತಾಸು ಹಿಡೀಲಿಕ್ಕೆ ಹತ್ತಿತಂದ್ರ ಕೆಳಗ ನೀರು ಇಳದೈತಿ ಅಂತ ತಿಳಕೋರಿ. ನಳದ ಮ್ಯಾಲ ಇರೋರು ದೀಪಾವಳಿ ವಾರದ ಪೇಪರಿನ್ಯಾಗ ಡ್ಯಾಮಿನ ಮಟ್ಟ ನೋಡ್ರಿ. 37.73ರಾಗ ಎಷ್ಟು ಐತಿ, ಹೋದ ವರ್ಷ ಇದೇ ದಿವಸ ಎಷ್ಟಿತ್ತು. ಎರಡು ನಂಬರು ಬರದು ಇಟ್ಕೋರಿ. ಹೋದ ವರ್ಷಕ್ಕಿಂತ ಭಾಳ ಕಡಿಮಿ ಇದ್ರ, ಫೆಬ್ರವರಿ ಹೊತ್ತಿಗೆ ನಳಾ ಬರೂ ದಿವಸ ದೂರ ದೂರ ಆಗೂ ಸಾಧ್ಯತಾ ಐತಿ ಅಂತ ತಿಳಕೊಂಡು ತಯಾರಾಗ್ರಿ.

ಮನಿ ಖರ್ಚಿನ ಲೆಕ್ಕಾನೂ ಒಮ್ಮೆ ಹಾಕೂಣು. ಹಳ್ಳಿ ನಳದ ಯೋಜನಾ ಮಾಡೋರು ತಲಿಗೆ ದಿನಕ್ಕ 55 ಲೀಟರ್ ಅಂತ ಹಿಡೀತಾರ. ಐದು ಮಂದಿ ಮನಿಗೆ 275 ಲೀಟರ್, ಹದಿನೈದು ಲೀಟರಿನ ಕೊಡದಾಗ ಹದಿನೆಂಟು ಕೊಡ. 220 ದಿನಕ್ಕ 60,500 ಲೀಟರ್. ಮನ್ಯಾಗ 5,000 ಲೀಟರ್ ಹಿಡಿಯೂ ಹೌದು ಇದ್ರ ಅದು ಹದಿನೆಂಟು ದಿನದ ನೀರು. ಈಗ ಮ್ಯಾಲ ನೋಡ್ರಿ. ಸಾವಿರ ಚದರ ಫೂಟಿನ ಮಾಳಗಿ ಮ್ಯಾಲ ಒಂದು ಸೆಂಟಿಮೀಟರ್ ಮಳಿ ಬಿದ್ರ ಸುಮಾರು 900 ಲೀಟರ್. ಹಾಳಾದದ್ದು ಹೋಗಿ 700 ಲೀಟರ್ ಹಿಡದೇವಿ ಅಂದ್ರೂ ನಲವತ್ತೇಳು ಕೊಡ ಆತು. ಮಳಿಗಾಲದಾಗ ಮಾಳಗಿ ನೀರು ಹೌದಿಗೆ ಬಿಟ್ಟು ಬಳಸಿದ್ರ ಅಷ್ಟು ದಿನ ಬಾವಿ, ಬೋರಿಗೆ ವಿಶ್ರಾಂತಿ. ಹೌದು ತುಂಬಿ ಹೆಚ್ಚಾದದ್ದನ್ನ ಜಲ್ಲಿ, ಮರಳು ತುಂಬಿದ ಗುಂಡಿಗೆ ಬಿಟ್ಟು ನೆಲಕ್ಕ ಇಳಸ್ರಿ. ಮೊದಲಿನ ಒಂದೆರಡು ಮಳಿ ನೀರು ಹೊರಗ ಬಿಡ್ರಿ, ಮಾಳಗಿ ಮ್ಯಾಲಿನ ಧೂಳು, ಹಕ್ಕಿ ಹೊಲಸು ಹೋಗಲಿ.

‘ಇದೆಲ್ಲಾ ಗಂಡಸರ ಕೆಲಸ, ಹೊಲದ ವ್ಯವಹಾರ, ನಾವು ಹೆಂಗ ಬಾಯಿ ಹಾಕೂದು’ ಅಂತ ಕೆಲವರು ಅಂತೀರಿ. ನಾನು ಜಗಳಾ ಮಾಡ್ರಿ ಅನ್ನೂದಿಲ್ಲ. ಲೆಕ್ಕ ತೋರಸ್ರಿ ಅಂತೇನಿ. ನಂಬರಿನ ಮುಂದ ಮಾವನಾರೂ ಸುಮ್ಮನ ಕೂಡತಾರ. ‘ಅಪ್ಪಾ, ಹೋದ ದೀಪಾವಳಿಗೆ ಬಾವ್ಯಾಗ ಇಪ್ಪತ್ತು ಫೂಟು ಇತ್ತು, ಈ ಸಲ ಹನ್ನೆರಡ ಐತಿ, ಕಬ್ಬು ಹನ್ನೆರಡು ತಿಂಗಳು ನೀರು ಬೇಡತೈತಿ, ಈ ವರ್ಷ ಆ ಪಟ್ಟಿಯೊಳಗ ಕಡ್ಲಿ, ಜ್ವಾಳ ಹಾಕಿದ್ರ ಹೆಂಗ?’ ಅಂತ ಕೇಳಿದ್ರ, ಬೈಯ್ಯೂ ಬದ್ಲಿ ಒಂದು ಸಲ ಬಾವಿ ಕಡೆ ಹೋಗಿ ನೋಡಿ ಬರತಾರ. ಆದ್ರ ಜ್ವಾಳ, ಕಡ್ಲಿ ಹಿಂಗಾರ್‍ಯಾಗ ಬಿತ್ತೋ ಬೆಳಿ, ಹಸಿ ಆರೂದ್ರೊಳಗ ಬಿತ್ತಬೇಕು. ಅದಕ್ಕ ಬಿತ್ತೂ ವಿಚಾರ ಇದ್ದವರು ಸೀಗಿ ಹುಣ್ಣಿವಿಗೇ ಒಂದು ಸಲ ಹಗ್ಗ ಇಳಬಿಟ್ಟು ನೋಡ್ರಿ, ದೀಪಾವಳಿಗೆ ಮತ್ತೊಮ್ಮೆ.

ಇನ್ನೊಂದು ಮಾತೂ ಹೇಳಬೇಕು. ನಮ್ಮ ಬಾವಿ ನೀರು ನಮ್ಮದಷ್ಟ ಅಲ್ಲ. ನೆಲದ ಕೆಳಗ ಬೇಲಿ ಇಲ್ಲ. ಪಕ್ಕದ ಹೊಲದಾಗ ಹೊಸಾ ಬೋರ್ ಎಳದ್ರ ನಮ್ಮ ಬಾವಿ ಇಳೀತೈತಿ, ನಾವು ಎಳದ್ರ ಅವರದು. ಅದಕ್ಕ ಓಣ್ಯಾಗ ಒಬ್ಬಾಕಿ ಅಳದ್ರ ಸಾಲೂದಿಲ್ಲ. ಹತ್ತು ಮನಿ ಅಳದು, ಹತ್ತು ಮನಿ ನಂಬರು ಒಂದ ಹಾಳಿ ಮ್ಯಾಲ ಬರದ್ರ, ಊರ ನೀರು ಏರಾಕತ್ತೈತೋ ಇಳ್ಯಾಕತ್ತೈತೋ ಕಣ್ಣಿಗೆ ಕಾಣತೈತಿ. ಗ್ರಾಮಸಭಾದಾಗ ಕೆರಿ ಹೂಳು ತಗೀರಿ ಅಂತ ಕೇಳಲಿಕ್ಕೂ ಆ ಹಾಳಿ ಕೈಯಾಗಿದ್ರ ಧೈರ್ಯ ಬರತೈತಿ. ಮಳಿ ಬರಲಿಲ್ಲಂತ ಗುರ್ಜಿ ಹೊತ್ತು ಮನಿಮನಿ ತಿರಗೂ ಮಕ್ಕಳ ತಲಿಮ್ಯಾಲ ನೀರು ಸುರೂವಾಗ ಇಡೀ ಓಣಿ ಕೂಡತೈತಲ್ಲ, ಇದಕ್ಕೂ ಹಂಗ ಕೂಡಬೇಕು.

ಈ ದೀಪಾವಳಿಗೆ ನಮ್ಮ ಓಣ್ಯಾಗ ನಾವು ಆರು ಮನಿಯಾಕೇರು ಸುರು ಮಾಡೂದಂತ ಮಾತಾಡೇವಿ. ನೀರು ತುಂಬೂ ದಿವಸ, ಹಂಡೆ ಪೂಜಾ ಆದಮ್ಯಾಲ, ಹಗ್ಗ ನಂದು. ನಿಮ್ಮ ಊರಾಗ ಯಾರು ಯಾರು ಅಳೀತೀರಿ, ಎಷ್ಟು ಫೂಟು ಬಂತು ಅಂತ ಬರದು ಕಳಸ್ರಿ. ಬೋರಿಗೆ ಅಂತ ಯಾರಾರ ಬಿಲ್ವಾರ ಕೇಳಲಿಕ್ಕೆ ಬಂದ್ರ, ಮೊದಲ ಕ್ಯಾಲೆಂಡರಿನ ಆ ಹಾಳಿ ತಗದು ಮುಂದ ಇಡ್ರಿ. ಮಾತು ಅಲ್ಲಿಂದ ಸುರು ಆಗಲಿ.